ಡಿವಿಡಿ, ವಿಸಿಡಿಗಳ ಪೂರ್ಣ ಪ್ರತಿ: ಮೊದಲು ಓದಿಡುವುದು, ಪರಿವರ್ತನೆ ಆಮೇಲೆ

ಕಪಾಟಿನಲ್ಲಿ ವರ್ಷಗಳಿಂದ ಸೇರುತ್ತ ಬಂದಿದ್ದ ಡಿಸ್ಕುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸವನ್ನು ಕೈಗೆತ್ತಿಕೊಂಡಾಗ ನಾನು ಮೊದಲಿಗೇ ಒಂದು ನಿಯಮವನ್ನು ಹಾಕಿಕೊಂಡೆ: ಡಿಸ್ಕನ್ನು ಓದುವ ಕೆಲಸ ಬೇರೆ, ಅದರಲ್ಲಿರುವ ಚಿತ್ರವನ್ನು ಇನ್ನೊಂದು ರೂಪಕ್ಕೆ ತರುವ ಕೆಲಸ ಬೇರೆ. ಡಿಸ್ಕನ್ನು ಡ್ರೈವಿಗೆ ಹಾಕಿ ಒಂದು ಗುಂಡಿ ಒತ್ತಿದರೆ ನೇರವಾಗಿ ಚಿಕ್ಕ ಎಂಪಿ4 ಫೈಲನ್ನೇ ಕೊಡುವ ತಂತ್ರಾಂಶಗಳು ಬೇಕಾದಷ್ಟಿವೆ. ಆದರೆ ಓದಲಾಗದ ಜಾಗ ಸಿಕ್ಕಿದಾಗ ಅಂಥ ತಂತ್ರಾಂಶವು ಸಾಮಾನ್ಯವಾಗಿ ಅದನ್ನು ಹಾರಿ ಮುಂದೆ ಹೋಗುತ್ತದೆ. ಎಷ್ಟು ಹಾರಿತು, ಎಲ್ಲಿ ಹಾರಿತು ಎಂಬುದರ ಲೆಕ್ಕ ನಮ್ಮ ಕೈಗೆ ಸಿಗುವುದಿಲ್ಲ. ಇದಲ್ಲದೆ, ಇಂದು ಆರಿಸಿಕೊಂಡ ಗುಣಮಟ್ಟ ನಾಳೆ ಸಾಲದು ಎನ್ನಿಸಿದರೆ ಅದೇ ಡಿಸ್ಕನ್ನು ಮತ್ತೆ ಓದಬೇಕಾಗುತ್ತದೆ, ಮತ್ತು ಆ ಹೊತ್ತಿಗೆ ಡಿಸ್ಕು ಇನ್ನಷ್ಟು ಹಳತಾಗಿರುತ್ತದೆ. ಆದ್ದರಿಂದ ಮೊದಲು ಡಿಸ್ಕಿನಲ್ಲಿರುವುದನ್ನು ಇದ್ದದ್ದು ಇದ್ದ ಹಾಗೆ, ಸೆಕ್ಟರಿಗೆ ಸೆಕ್ಟರ್ (ಸೆಕ್ಟರ್ ಎಂದರೆ ಡಿಸ್ಕಿನಿಂದ ಓದುವ ಮಾಹಿತಿಯ ಅತಿ ಚಿಕ್ಕ ತುಂಡು), ಒಂದು ಇಮೇಜ್ ಫೈಲಾಗಿ ಓದಿಟ್ಟುಕೊಂಡು, ಅದು ಸರಿಯಾಗಿದೆಯೇ ಎಂದು ಪರೀಕ್ಷಿಸಿ, ಆಮೇಲಷ್ಟೇ ನೋಡುವುದಕ್ಕೆ ಅನುಕೂಲವಾದ ಫೈಲುಗಳನ್ನು ಆ ಇಮೇಜಿನಿಂದ ತಯಾರಿಸಿದೆ. ಈ ಬರಹ ಆ ಕೆಲಸದ ದಾಖಲೆ.

ನನ್ನ ಬಳಿ ಇದ್ದ ಡಿಸ್ಕುಗಳಲ್ಲಿ ಮೂರು ಬಗೆಯವಿದ್ದವು. ಕ್ಯಾಮೆರಾದಿಂದಲೂ ಡಿವಿಡಿ ರೆಕಾರ್ಡರಿನಿಂದಲೂ ಮನೆಯವರೇ ಬರೆದ ಡಿವಿಡಿಗಳು ಒಂದು ಬಗೆ. ಚಲನಚಿತ್ರಗಳ ವಿಸಿಡಿಗಳು ಇನ್ನೊಂದು. ಅಚ್ಚು ಹಾಕಿ ಮಾರಿದ ಚಲನಚಿತ್ರ ಮತ್ತು ಸಾಕ್ಷ್ಯಚಿತ್ರಗಳ ಡಿವಿಡಿಗಳು ಮೂರನೆಯದು. ಮೂರನೆಯ ಬಗೆಯಲ್ಲಿ ಬಹುಪಾಲಿಗೆ ಸಿಎಸ್‌ಎಸ್ ಎಂಬ ಬೀಗ ಇರುತ್ತದೆ. ಸ್ವಂತಕ್ಕೆ ಒಂದು ಪ್ರತಿ ಮಾಡಿಕೊಳ್ಳುವುದನ್ನು ಒಪ್ಪುವ ದೇಶಗಳಲ್ಲಿಯೂ ಪ್ರತಿ ತಡೆಯುವ ಬೀಗವನ್ನು ಮುರಿಯುವುದು ಪ್ರತ್ಯೇಕ ಅಪರಾಧವಾಗಿರಬಹುದು. ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗಿದೆ. ಆದ್ದರಿಂದ ಬೀಗವಿದ್ದ ಡಿಸ್ಕುಗಳನ್ನು ನಾನು ಪಕ್ಕಕ್ಕೆ ಇಟ್ಟೆ. ಇಲ್ಲಿ ಬರೆದಿರುವುದೆಲ್ಲ ಬೀಗವಿಲ್ಲದ ಡಿಸ್ಕುಗಳಿಗೆ ಮಾತ್ರ ಅನ್ವಯಿಸುತ್ತದೆ. ಮನೆಯಲ್ಲಿ ಬರೆದ ಡಿಸ್ಕುಗಳಿಗೆ ಬೀಗದ ಪ್ರಶ್ನೆಯೇ ಇಲ್ಲ, ಮತ್ತು ತುರ್ತಾಗಿ ಪ್ರತಿ ಮಾಡಬೇಕಾದವು ಕೂಡ ಅವೇ. ಮಾರಾಟವಾದ ಚಿತ್ರದ ಇನ್ನೊಂದು ಡಿಸ್ಕು ಎಲ್ಲಾದರೂ ಸಿಕ್ಕೀತು. ಮನೆಯ ಸಮಾರಂಭದ ಡಿಸ್ಕು ಜಗತ್ತಿನಲ್ಲಿ ಇರುವುದು ಒಂದೇ.

ಮನೆಯಲ್ಲಿ ಬರೆದ ಡಿಸ್ಕುಗಳಿಗೆ ತುರ್ತು ಹೆಚ್ಚು ಎನ್ನಲು ಇನ್ನೊಂದು ಕಾರಣ ಡಿಸ್ಕಿನ ರಚನೆಯಲ್ಲಿದೆ. ಅಚ್ಚು ಹಾಕಿದ ಡಿಸ್ಕಿನಲ್ಲಿ ಮಾಹಿತಿಯು ಪ್ಲಾಸ್ಟಿಕ್‌ನಲ್ಲಿ ಒತ್ತಿದ ಸೂಕ್ಷ್ಮ ಗುಳಿಗಳಾಗಿರುತ್ತದೆ. ಒಮ್ಮೆ ಮಾತ್ರ ಬರೆಯಬಹುದಾದ ಡಿಸ್ಕಿನಲ್ಲಾದರೋ ಲೇಸರ್ ಕಿರಣವು ಸಾವಯವ ಬಣ್ಣದ ಒಂದು ಪದರದಲ್ಲಿ ಗುರುತು ಮಾಡಿರುತ್ತದೆ, ಮತ್ತು ಆ ಬಣ್ಣವು ಬೆಳಕು, ಶಾಖ, ತೇವಗಳಿಗೆ ಕ್ರಮೇಣ ಮಾಸುತ್ತದೆ. ಬರವಣಿಗೆ ಒಳಸುತ್ತಿನಿಂದ ಆರಂಭವಾಗಿ ಹೊರ ಅಂಚಿನತ್ತ ಸಾಗುತ್ತದೆ. ನನ್ನ ಡಿಸ್ಕುಗಳಲ್ಲಿ ದೋಷಗಳು ಹೆಚ್ಚಾಗಿ ಕಂಡದ್ದು ಹೊರ ಅಂಚಿನಲ್ಲಿಯೇ, ಅಂದರೆ ಪೂರ್ತಿ ತುಂಬಿದ ಡಿಸ್ಕಿನ ಕೊನೆಯ ದೃಶ್ಯಗಳಲ್ಲಿ. ಡಿಸ್ಕನ್ನು ಹಾಕಿ ಮೊದಲ ಐದು ನಿಮಿಷ ನೋಡಿ ಚೆನ್ನಾಗಿದೆ ಎಂದು ತೀರ್ಮಾನಿಸಿದರೆ ಏನೂ ತಿಳಿದ ಹಾಗಾಗುವುದಿಲ್ಲ.

ಒರೆಸುವ ಕೆಲಸವನ್ನು ಮೊದಲು ಮುಗಿಸಿದೆ. ಧೂಳು ಊದಿ, ಬೆರಳಚ್ಚು ಇದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ಒದ್ದೆ ಮಾಡಿದ ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಸುತ್ತು ಸುತ್ತಾಗಿ ಒರೆಸಬಾರದು. ಮಾಹಿತಿಯ ಜಾಡು ಸುರುಳಿಯಾಗಿರುವುದರಿಂದ, ಅಡ್ಡಲಾಗಿ ಬಿದ್ದ ಗೀರು ಪ್ರತಿ ಸುತ್ತಿನಲ್ಲಿಯೂ ಒಂದು ಚೂರನ್ನು ಮಾತ್ರ ಮರೆಮಾಡುತ್ತದೆ ಮತ್ತು ಅದನ್ನು ಡ್ರೈವಿನ ದೋಷ ತಿದ್ದುವ ವ್ಯವಸ್ಥೆ ಸರಿಪಡಿಸಿಕೊಳ್ಳುತ್ತದೆ. ಜಾಡಿನ ಉದ್ದಕ್ಕೂ ಬಿದ್ದ ಗೀರು ಒಂದೇ ಕಡೆಯ ಮಾಹಿತಿಯನ್ನು ಸಾಲಾಗಿ ನುಂಗುತ್ತದೆ. ವಿಸಿಡಿಗಳ ವಿಷಯದಲ್ಲಿ ಹೆಸರು ಬರೆದ ಮೇಲ್ಮೈಯನ್ನು ಇನ್ನೂ ಹೆಚ್ಚು ಜೋಪಾನವಾಗಿ ನೋಡಿಕೊಳ್ಳಬೇಕು. ಸಿಡಿಯ ಕನ್ನಡಿ ಪದರವು 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್‌ನ ಮೇಲ್ಭಾಗದಲ್ಲಿದ್ದು, ಅದರ ಮೇಲೆ ತೆಳುವಾದ ಮೆರುಗು ಲೇಪ ಮಾತ್ರ ಇರುತ್ತದೆ. ಹೆಸರಿನ ಬದಿಯಲ್ಲಿ ಗೀರು ಬಿದ್ದು ಕನ್ನಡಿ ಪದರ ಎದ್ದುಹೋದರೆ ಆ ಮಾಹಿತಿಯನ್ನು ಮರಳಿ ಪಡೆಯಲು ದಾರಿಯಿಲ್ಲ. ಡಿವಿಡಿಯಲ್ಲಿ 0.6 ಮಿಲಿಮೀಟರಿನ ಎರಡು ಹಾಳೆಗಳ ನಡುವೆ ಪದರವನ್ನು ಅಂಟಿಸಿರುವುದರಿಂದ ಆ ಅಪಾಯ ಕಡಿಮೆ.

ಹೆಸರಿನ ಬದಿಯಲ್ಲಿ ಕಾಗದದ ಚೀಟಿ ಅಂಟಿಸಿದ್ದ ಡಿಸ್ಕುಗಳೂ ಕೆಲವಿದ್ದವು. ಚೀಟಿಯನ್ನು ಕಿತ್ತರೆ ಪದರವೂ ಕಿತ್ತುಬರುವ ಸಾಧ್ಯತೆ ಇದೆ, ಆದ್ದರಿಂದ ಅದನ್ನು ಹಾಗೆಯೇ ಬಿಟ್ಟು, ಡ್ರೈವಿನ ವೇಗವನ್ನು ತಗ್ಗಿಸಿ ಓದಿಸಿದೆ. ಚೀಟಿ ನಡುವಿಗೆ ಸರಿಯಾಗಿ ಕೂತಿರದಿದ್ದರೆ ಹೆಚ್ಚಿನ ವೇಗದಲ್ಲಿ ಡಿಸ್ಕು ಅದುರುತ್ತದೆ, ಮತ್ತು ಆ ಅದುರಾಟವೇ ಓದುವಿಕೆಯ ದೋಷವಾಗಿ ಕಾಣುತ್ತದೆ.

ಉಪಕರಣಗಳ ಬಗ್ಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಲಿನಕ್ಸ್ ಇರುವ ಒಂದು ಹಳೆಯ ಡೆಸ್ಕ್‌ಟಾಪ್, ಅದರೊಳಗಿನ ಡಿವಿಡಿ ಡ್ರೈವ್, ಯುಎಸ್‌ಬಿಗೆ ಜೋಡಿಸುವ ಇನ್ನೊಂದು ಡ್ರೈವ್, ಮತ್ತು ಸಾಕಷ್ಟು ಜಾಗವಿರುವ ಹಾರ್ಡ್ ಡಿಸ್ಕುಗಳು. ಎರಡು ಡ್ರೈವುಗಳು ಬೇರೆ ಬೇರೆ ತಯಾರಿಕೆಯವಾಗಿರುವುದು ಒಳ್ಳೆಯದು. ಅದರ ಪ್ರಯೋಜನ ಮುಂದೆ ತಿಳಿಯುತ್ತದೆ. ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ, ಎರಡು ಪದರದ್ದರಲ್ಲಿ 8.5 ಜಿಬಿ ಹಿಡಿಯುತ್ತದೆ ಎಂಬ ಲೆಕ್ಕದ ಮೇಲೆ ಎಷ್ಟು ಜಾಗ ಬೇಕೆಂದು ಅಂದಾಜು ಮಾಡಿಕೊಳ್ಳಬಹುದು. ಕ್ಯಾಮೆರಾದ 8 ಸೆಂಟಿಮೀಟರ್ ಡಿಸ್ಕಿನಲ್ಲಿ 1.4 ಜಿಬಿ ಹಿಡಿಯುತ್ತದೆ. ಅದನ್ನು ತಟ್ಟೆಯಿರುವ ಡ್ರೈವಿನಲ್ಲಿ ಒಳಗಿನ ಚಿಕ್ಕ ವೃತ್ತದಲ್ಲಿ ಕೂರಿಸಬೇಕೇ ಹೊರತು, ಸೀಳಿನೊಳಕ್ಕೆ ತಳ್ಳುವ ಬಗೆಯ ಡ್ರೈವಿಗೆ ಹಾಕಬಾರದು, ಹಾಕಿದರೆ ಒಳಗೆ ಸಿಕ್ಕಿಕೊಳ್ಳಬಹುದು.

ಓದುವುದಕ್ಕೆ ನಾನು ಬಳಸಿದ್ದು ಗ್ನೂ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ. ಸಾಮಾನ್ಯ ಪ್ರತಿ ಮಾಡುವ ಆದೇಶಗಳು ಓದಲಾಗದ ಮೊದಲ ಸೆಕ್ಟರಿನಲ್ಲಿಯೇ ನಿಂತುಬಿಡುತ್ತವೆ, ಇಲ್ಲವೇ ಅಲ್ಲಿಯೇ ಹಟ ಹಿಡಿದು ಗಂಟೆಗಟ್ಟಲೆ ಡ್ರೈವನ್ನು ಒದ್ದಾಡಿಸುತ್ತವೆ. ಡಿಡಿರೆಸ್ಕ್ಯೂ ಮೊದಲ ಸುತ್ತಿನಲ್ಲಿ ಸಲೀಸಾಗಿ ಓದಲು ಸಿಗುವುದನ್ನೆಲ್ಲ ಬಾಚಿಕೊಂಡು, ತೊಂದರೆ ಕೊಡುವ ಜಾಗಗಳನ್ನು ಗುರುತು ಹಾಕಿ ಬಿಟ್ಟು ಮುಂದೆ ಹೋಗುತ್ತದೆ. ಆಮೇಲಿನ ಸುತ್ತುಗಳಲ್ಲಿ ಅಲ್ಲಿಗೆ ಮರಳಿ ಅಂಚುಗಳಿಂದ ಒಳಕ್ಕೆ ಸವೆಸುತ್ತ ಬರುತ್ತದೆ. ಯಾವ ಜಾಗ ಸಿಕ್ಕಿದೆ, ಯಾವುದು ಸಿಕ್ಕಿಲ್ಲ ಎಂಬುದನ್ನು ಅದು ಮ್ಯಾಪ್ ಫೈಲ್ ಎಂಬ ಸರಳ ಪಠ್ಯದ ಫೈಲಿನಲ್ಲಿ ಬರೆದಿಡುತ್ತದೆ. ಇಡೀ ವಿಧಾನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನ್ನಿಸಿದ್ದು ಈ ಚಿಕ್ಕ ಫೈಲೇ.

ಡಿವಿಡಿಯ ಸೆಕ್ಟರ್ ಗಾತ್ರ 2048 ಬೈಟ್ ಎಂದು ತಂತ್ರಾಂಶಕ್ಕೆ ಸ್ಪಷ್ಟವಾಗಿ ಹೇಳಿ, ಕೆಟ್ಟ ಜಾಗಗಳನ್ನು ಸೆಕ್ಟರ್ ಸೆಕ್ಟರಾಗಿ ಕೆರೆದು ಓದುವ ಹಂತವನ್ನು ಬಿಡುವ ಆಯ್ಕೆಯೊಂದಿಗೆ ಮೊದಲ ಓಟ ಮಾಡಿದೆ. ಒಳ್ಳೆಯ ಸ್ಥಿತಿಯಲ್ಲಿರುವ ಡಿಸ್ಕಿಗೆ ಇದೊಂದೇ ಸಾಕು. ಓದುವ ವೇಗ ಆರಂಭದಲ್ಲಿ ಕಡಿಮೆಯಿದ್ದು ಹೊರ ಅಂಚಿನತ್ತ ಹೋದಂತೆ ಏರುತ್ತದೆ; ಒಂದು ಪಟ್ಟು ಎಂದರೆ ಸೆಕೆಂಡಿಗೆ ಸುಮಾರು 1.385 ಎಂಬಿ, ಹಾಗಾಗಿ 16 ಪಟ್ಟಿನ ಡ್ರೈವು ಕೂಡ 22 ಎಂಬಿಯ ಹತ್ತಿರ ಬರುವುದು ಹೊರ ಅಂಚಿನಲ್ಲಿ ಮಾತ್ರ. ಏರುತ್ತಿದ್ದ ವೇಗ ನಡುವೆ ಒಮ್ಮೆಲೆ ಕುಸಿದರೆ ಅಲ್ಲಿ ಡ್ರೈವು ಕಷ್ಟಪಟ್ಟು ಓದುತ್ತಿದೆ ಎಂದು ಅರ್ಥ; ಸೆಕ್ಟರ್ ಕೊನೆಗೆ ಸಿಕ್ಕಿದರೂ ಆ ಡಿಸ್ಕಿನ ಟಿಪ್ಪಣಿಯಲ್ಲಿ ಅದನ್ನು ಬರೆದಿಡುತ್ತಿದ್ದೆ. ಅಚ್ಚು ಹಾಕಿದ ವಿಡಿಯೋ ಡಿಸ್ಕುಗಳನ್ನು ಸದ್ದು ಕಡಿಮೆ ಮಾಡುವ ಸಲುವಾಗಿ ಬೇಕೆಂದೇ ನಿಧಾನವಾಗಿ ತಿರುಗಿಸುವ ಡ್ರೈವುಗಳೂ ಇವೆ, ಆದ್ದರಿಂದ ನಿಧಾನ ಎಂದಮಾತ್ರಕ್ಕೆ ದೋಷ ಎಂದು ತಿಳಿಯಬೇಕಾಗಿಲ್ಲ. ನೋಡಬೇಕಾದದ್ದು ಹಠಾತ್ ಕುಸಿತವನ್ನು.

ಬೀಗವಿರುವ ಡಿಸ್ಕು ಯಾವುದು, ಕೆಟ್ಟ ಡಿಸ್ಕು ಯಾವುದು ಎಂಬುದನ್ನು ಈ ಹಂತದಲ್ಲಿಯೇ ಬೇರ್ಪಡಿಸಬೇಕು, ಏಕೆಂದರೆ ಹೊರನೋಟಕ್ಕೆ ಎರಡೂ ಓದುವ ದೋಷಗಳಾಗಿಯೇ ಕಾಣುತ್ತವೆ. ಬೀಗದ ಡಿಸ್ಕಿನಲ್ಲಿ ಫೈಲುಗಳ ಪಟ್ಟಿ, ವಿಡಿಯೋದ ವಿವರ ಹೇಳುವ ಐಎಫ್‌ಒ ಫೈಲುಗಳು ಎಲ್ಲ ಸರಾಗವಾಗಿ ಓದಲು ಬಂದು, ವಿಡಿಯೋ ಇರುವ ವಿಒಬಿ ಫೈಲಿನ ಬಳಿ ಬಂದಾಗ ಮಾತ್ರ ಸಾಲುಸಾಲಾಗಿ ದೋಷಗಳು ಶುರುವಾಗುತ್ತವೆ. ಖಚಿತ ಉತ್ತರ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ನ ಸಂದೇಶಗಳಲ್ಲಿ ಸಿಗುತ್ತದೆ. ಡಿಸ್ಕು ಹಾಳಾಗಿದ್ದರೆ ಅಲ್ಲಿ ‘ಮೀಡಿಯಂ ಎರರ್’ ಎಂದು ಬರುತ್ತದೆ. ಬೀಗವಿದ್ದರೆ ‘ಇಲ್ಲೀಗಲ್ ರಿಕ್ವೆಸ್ಟ್’ ಎಂದೂ, ಅದರ ಜೊತೆಗೆ ‘ರೀಡ್ ಆಫ್ ಸ್ಕ್ರ್ಯಾಂಬಲ್ಡ್ ಸೆಕ್ಟರ್ ವಿದೌಟ್ ಆಥೆಂಟಿಕೇಶನ್’ ಎಂದೂ ಬರುತ್ತದೆ. ಎರಡನೆಯ ಸಂದೇಶ ಕಂಡ ಕೂಡಲೇ ಡಿಸ್ಕನ್ನು ಹೊರತೆಗೆದು ಪಕ್ಕದ ರಾಶಿಗೆ ಸೇರಿಸಿದೆ. ಈ ವ್ಯತ್ಯಾಸ ತಿಳಿಯದೆ ಚೆನ್ನಾಗಿರುವ ಡಿಸ್ಕನ್ನು ಉಜ್ಜಿ ಪಾಲಿಶ್ ಮಾಡಲು ಹೊರಟರೆ ಡಿಸ್ಕಿಗೆ ಕೇಡೇ ಹೊರತು ಲಾಭವಿಲ್ಲ.

ಇನ್ನು ಹಾಳಾದ ಡಿಸ್ಕುಗಳು. ಮ್ಯಾಪ್ ಫೈಲನ್ನು ತೆರೆದರೆ ಪ್ರತಿ ಸಾಲಿನಲ್ಲಿ ಒಂದು ಸ್ಥಾನ, ಒಂದು ಗಾತ್ರ ಮತ್ತು ಒಂದು ಗುರುತು ಇರುತ್ತವೆ. ಕೂಡಿಸುವ ಗುರುತು ಇದ್ದರೆ ಆ ಭಾಗ ಸಿಕ್ಕಿದೆ ಎಂದರ್ಥ. ನಕ್ಷತ್ರ ಅಥವಾ ಓರೆಗೆರೆ ಇದ್ದರೆ ಅಲ್ಲಿ ಇನ್ನೂ ಕೆಲಸ ಬಾಕಿಯಿದೆ. ಕಳೆಯುವ ಗುರುತು ಇದ್ದರೆ ಪ್ರಯತ್ನಿಸಿಯೂ ಸಿಕ್ಕಿಲ್ಲ. ಸ್ಥಾನ, ಗಾತ್ರಗಳು ಹದಿನಾರರ ಆಧಾರದ ಸಂಖ್ಯೆಯಲ್ಲಿರುತ್ತವೆ, ಆದ್ದರಿಂದ ದಶಮಾನಕ್ಕೆ ತಿರುಗಿಸಿ 2048ರಿಂದ ಭಾಗಿಸಿದರೆ ಸೆಕ್ಟರ್ ಸಂಖ್ಯೆ ದೊರೆಯುತ್ತದೆ. ನನ್ನ ಡಿಸ್ಕುಗಳಲ್ಲಿ ಕಳೆಯುವ ಗುರುತಿನ ಗಾತ್ರಗಳು ಹೆಚ್ಚಾಗಿ 32,768 ಬೈಟಿನ ಗುಣಕಗಳಾಗಿಯೇ ಬಂದವು. ಇದು ಆಕಸ್ಮಿಕವಲ್ಲ: ಡಿವಿಡಿಯಲ್ಲಿ ದೋಷ ತಿದ್ದುವ ಲೆಕ್ಕವನ್ನು 16 ಸೆಕ್ಟರುಗಳ ಒಂದೊಂದು ಕಂತೆಗೆ ಹಾಕಿರುತ್ತಾರೆ, ಮತ್ತು ಆ ಲೆಕ್ಕ ಸೋತರೆ ಸಾಮಾನ್ಯವಾಗಿ ಇಡೀ ಕಂತೆ ಒಟ್ಟಿಗೆ ಹೋಗುತ್ತದೆ.

ಒಂದು ಕಂತೆ ಹೋದರೆ ನೋಡುವವರಿಗೆ ಎಷ್ಟು ನಷ್ಟ ಎಂಬುದನ್ನೂ ಲೆಕ್ಕ ಹಾಕಬಹುದು. ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಇರುವ ವಿಡಿಯೋದಲ್ಲಿ 32,768 ಬೈಟ್ ಎಂದರೆ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ, ಅಂದರೆ ಒಂದು ಚೌಕಟ್ಟಿಗಿಂತ ತುಸು ಹೆಚ್ಚು. ಆದರೆ ಡಿವಿಡಿಯ ವಿಡಿಯೋ ರೂಪವಾದ ಎಂಪೆಗ್-2ರಲ್ಲಿ ಚೌಕಟ್ಟುಗಳು ಒಂದನ್ನೊಂದು ಅವಲಂಬಿಸಿ ಹನ್ನೆರಡು-ಹದಿನೈದರ ಗುಂಪುಗಳಲ್ಲಿ ಇರುವುದರಿಂದ, ಹೋದ ಚೂರು ಗುಂಪಿನ ಆರಂಭದಲ್ಲಿದ್ದರೆ ಮುಂದಿನ ಗುಂಪು ಬರುವ ತನಕ, ಸುಮಾರು ಅರ್ಧ ಸೆಕೆಂಡು, ಚಿತ್ರ ಚೌಕಚೌಕವಾಗಿ ಒಡೆದು ಕಾಣುತ್ತದೆ. ಇಷ್ಟನ್ನು ತಿಳಿದ ಮೇಲೆ ಯಾವ ಡಿಸ್ಕಿಗೆ ಎಷ್ಟು ಹೊತ್ತು ಹೆಣಗಬೇಕು ಎಂಬ ನಿರ್ಧಾರ ಸುಲಭವಾಯಿತು. ಖಾಲಿ ಗೋಡೆಯನ್ನು ತೋರಿಸುವ ಅರ್ಧ ಸೆಕೆಂಡಿಗಾಗಿ ರಾತ್ರಿಯಿಡೀ ಡ್ರೈವನ್ನು ಸವೆಸಬೇಕಾಗಿಲ್ಲ; ಆದರೆ ಈಗ ನಮ್ಮೊಡನೆ ಇಲ್ಲದ ಹಿರಿಯರೊಬ್ಬರು ಮಾತನಾಡುತ್ತಿರುವ ಜಾಗದಲ್ಲಿ ದೋಷವಿದ್ದರೆ ಇರುವ ಉಪಾಯಗಳನ್ನೆಲ್ಲ ಮಾಡಿ ನೋಡುವುದೇ ಸರಿ.

ಆ ಉಪಾಯಗಳು ಯಾವುವೆಂದರೆ: ಮೊದಲನೆಯದಾಗಿ, ಆಪರೇಟಿಂಗ್ ಸಿಸ್ಟಮ್ಮಿನ ತಾತ್ಕಾಲಿಕ ಸಂಗ್ರಹವಾದ ಕ್ಯಾಶ್ ಅನ್ನು ಬದಿಗಿರಿಸಿ ಡ್ರೈವಿನಿಂದ ನೇರವಾಗಿ ಓದುವ ಆಯ್ಕೆಯನ್ನು ಹಾಕಿ, ಮೂರು ಬಾರಿ ಮರುಪ್ರಯತ್ನಿಸುವಂತೆ ಹೇಳಿ, ಅದೇ ಇಮೇಜು ಮತ್ತು ಅದೇ ಮ್ಯಾಪ್ ಫೈಲನ್ನು ಕೊಟ್ಟು ಮತ್ತೆ ಓಡಿಸಿದೆ. ಮ್ಯಾಪ್ ಇರುವುದರಿಂದ ತಂತ್ರಾಂಶವು ಸಿಕ್ಕಿರುವ ಭಾಗವನ್ನು ಮುಟ್ಟುವುದಿಲ್ಲ, ಉಳಿದ ತೂತುಗಳನ್ನಷ್ಟೇ ತುಂಬಲು ನೋಡುತ್ತದೆ. ಆಮೇಲೆ ಡ್ರೈವಿನ ವೇಗವನ್ನು ನಾಲ್ಕು ಪಟ್ಟಿಗೆ ಇಳಿಸಿ ಇನ್ನೊಮ್ಮೆ ಓದಿಸಿದೆ. ಅದರಿಂದಲೂ ಬಾರದಿದ್ದದ್ದನ್ನು ಯುಎಸ್‌ಬಿ ಡ್ರೈವಿಗೆ ಹಾಕಿದೆ. ಎರಡು ಡ್ರೈವುಗಳ ಲೇಸರ್, ಮಸೂರ, ದೋಷ ತಿದ್ದುವ ಫರ್ಮ್‌ವೇರ್ ಬೇರೆ ಬೇರೆಯಾಗಿರುವುದರಿಂದ ಒಂದು ಕೈಬಿಟ್ಟ ಸೆಕ್ಟರನ್ನು ಇನ್ನೊಂದು ಸಲೀಸಾಗಿ ಓದುವುದುಂಟು, ಮತ್ತು ಮ್ಯಾಪ್ ಫೈಲಿನ ದೆಸೆಯಿಂದ ಎರಡು ಡ್ರೈವುಗಳ ಫಸಲೂ ಒಂದೇ ಇಮೇಜಿಗೆ ಬಂದು ಸೇರುತ್ತದೆ. ಹೆಚ್ಚು ಫಲ ಕೊಟ್ಟದ್ದು ಈ ಡ್ರೈವ್ ಬದಲಾವಣೆಯೇ. ವೇಗ ತಗ್ಗಿಸಿದ್ದರಿಂದ ಕೆಲವು ಡಿಸ್ಕುಗಳಿಗೆ ಮಾತ್ರ ಉಪಯೋಗವಾಯಿತು.

ರೆಕಾರ್ಡರಿನಲ್ಲಿ ಬರೆದ ಒಂದು ಡಿಸ್ಕಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಒಳಸುತ್ತಿನ ಬಳಿ ಒಂದು ಆಳವಾದ ಗೀರಿತ್ತು. ಎರಡೂ ಡ್ರೈವುಗಳನ್ನು ಬಳಸಿದ ಮೇಲೆ ಮ್ಯಾಪ್‌ನಲ್ಲಿ ಉಳಿದದ್ದು ಒಂದೇ ಒಂದು ಕಂತೆ, ಆದರೂ ಇಮೇಜನ್ನು ಯಾವ ಪ್ಲೇಯರೂ ಸರಿಯಾಗಿ ತೆರೆಯುತ್ತಿರಲಿಲ್ಲ. ಕಂತೆಯ ಸೆಕ್ಟರ್ ಸಂಖ್ಯೆಯನ್ನು ಲೆಕ್ಕ ಹಾಕಿ, ಇಮೇಜಿನೊಳಗಿನ ಯಾವ ಫೈಲು ಯಾವ ಸೆಕ್ಟರಿನಲ್ಲಿ ಆರಂಭವಾಗುತ್ತದೆ ಎಂಬ ಪಟ್ಟಿಯೊಂದಿಗೆ ತಾಳೆ ನೋಡಿದಾಗ, ಅದು ಬಿದ್ದಿದ್ದದ್ದು ಶೀರ್ಷಿಕೆಯ, ಅಂದರೆ ಡಿಸ್ಕಿನ ಮುಖ್ಯ ವಿಡಿಯೋದ, ಐಎಫ್‌ಒ ಫೈಲಿನ ಮೇಲೆ ಎಂದು ಗೊತ್ತಾಯಿತು. ವಿಡಿಯೋ ಎಲ್ಲಿ ಆರಂಭವಾಗುತ್ತದೆ, ಅಧ್ಯಾಯಗಳು ಎಲ್ಲಿವೆ, ಧ್ವನಿ ಯಾವ ಬಗೆಯದು ಎಂಬುದನ್ನೆಲ್ಲ ಪ್ಲೇಯರಿಗೆ ಹೇಳುವುದು ಈ ಚಿಕ್ಕ ಫೈಲು. ಡಿವಿಡಿಯ ನಿಯಮವನ್ನು ರೂಪಿಸಿದವರು ಇದನ್ನು ಮೊದಲೇ ಯೋಚಿಸಿದ್ದಾರೆ: ಪ್ರತಿಯೊಂದು ಐಎಫ್‌ಒ ಫೈಲಿಗೂ ಅದೇ ವಿಷಯವಿರುವ ಒಂದು ಬಿಯುಪಿ ಫೈಲು ಇರುತ್ತದೆ, ಮತ್ತು ಶೀರ್ಷಿಕೆಯ ಐಎಫ್‌ಒ ವಿಡಿಯೋಗಿಂತ ಮೊದಲು ಬಂದರೆ ಬಿಯುಪಿ ವಿಡಿಯೋ ಮುಗಿದ ಮೇಲೆ ಬರುತ್ತದೆ, ಹೀಗಾಗಿ ಒಂದೇ ಗೀರು ಎರಡನ್ನೂ ಹಾಳುಮಾಡುವುದು ಅಪರೂಪ. ಮೂಲ ಇಮೇಜನ್ನು ಹಾಗೆಯೇ ಇಟ್ಟುಕೊಂಡು, ಅದರ ಇನ್ನೊಂದು ಪ್ರತಿಯಲ್ಲಿ ಬಿಯುಪಿಯ ಬೈಟುಗಳನ್ನು ಐಎಫ್‌ಒದ ಸ್ಥಾನಕ್ಕೆ ಬರೆದೆ. ಡಿಸ್ಕಿನ ಮೆನುವಿನಿಂದ ಹಿಡಿದು ಕೊನೆಯ ಅಧ್ಯಾಯದ ತನಕ ಎಲ್ಲವೂ ತೆರೆದುಕೊಂಡಿತು. ಡಿಸ್ಕಿನಿಂದ ನೇರವಾಗಿ ಎಂಪಿ4 ಮಾಡಲು ಹೊರಟಿದ್ದರೆ ‘ಈ ಡಿಸ್ಕು ಓದಲಾಗುತ್ತಿಲ್ಲ’ ಎಂಬ ಸಂದೇಶದಲ್ಲಿಯೇ ಆ ಕೆಲಸ ಮುಗಿದುಹೋಗುತ್ತಿತ್ತು.

ಡ್ರೈವಿಗೆ ಹಾಕಿದರೆ ಖಾಲಿ ಎಂದು ತೋರಿಸುವ ಡಿಸ್ಕುಗಳೂ ಸಿಗುತ್ತವೆ, ಆದರೆ ಅವು ಖಾಲಿಯಾಗಿರುವುದಿಲ್ಲ. ಬೆಳಕಿಗೆ ಹಿಡಿದು ನೋಡಿದರೆ ಬರೆದ ಭಾಗ ಬೇರೆ ಛಾಯೆಯಲ್ಲಿ ಕಾಣುತ್ತದೆ. ಕ್ಯಾಮೆರಾ ಅಥವಾ ರೆಕಾರ್ಡರಿನಲ್ಲಿ ಚಿತ್ರೀಕರಣ ಮುಗಿದ ಮೇಲೆ ಫೈನಲೈಸ್ ಮಾಡದೆ ಬಿಟ್ಟರೆ ಫೈಲುಗಳ ಪಟ್ಟಿಯೇ ಡಿಸ್ಕಿನ ಮೇಲೆ ಬರೆಯಲ್ಪಟ್ಟಿರುವುದಿಲ್ಲ. ಬರೆದ ಉಪಕರಣವೇ ಇನ್ನೂ ಇದ್ದರೆ, ಡಿಸ್ಕನ್ನು ಅದಕ್ಕೆ ಹಾಕಿ ಫೈನಲೈಸ್ ಮಾಡಿಸುವುದು ಸರಿಯಾದ ದಾರಿ. ಕ್ಯಾಮೆರಾ ಹಳತಾಯಿತೆಂದು ಕೊಟ್ಟುಬಿಡುವ ಮೊದಲು ಅದರ ಡಿಸ್ಕುಗಳನ್ನೆಲ್ಲ ಒಮ್ಮೆ ಕಂಪ್ಯೂಟರಿಗೆ ಹಾಕಿ ನೋಡಿಕೊಳ್ಳುವಂತೆ ಎಲ್ಲರಲ್ಲಿಯೂ ವಿನಂತಿಸುತ್ತೇನೆ.

ವಿಸಿಡಿಯ ವಿಧಾನವೇ ಬೇರೆ, ಅದನ್ನು ಡಿವಿಡಿಯ ಹಾಗೆ ಓದಲು ಹೋಗಬಾರದು. 1993ರಲ್ಲಿ ರೂಪುಗೊಂಡ ಈ ಬಗೆಯಲ್ಲಿ ವಿಡಿಯೋ ಇರುವ ಸೆಕ್ಟರುಗಳು 2048 ಬೈಟಿನವಲ್ಲ, 2324 ಬೈಟಿನವು. ದತ್ತಾಂಶದ ಸಿಡಿಯಲ್ಲಿ ಹೆಚ್ಚುವರಿ ದೋಷ ತಿದ್ದುಪಡಿಗೆಂದು ಮೀಸಲಿಡುವ ಜಾಗವನ್ನು ಇಲ್ಲಿ ವಿಡಿಯೋಗೇ ಕೊಟ್ಟಿರುತ್ತಾರೆ. ಹಾಗಾಗಿ 650 ಎಂಬಿಯದೆಂದು ಕರೆಯುವ ಡಿಸ್ಕಿನಲ್ಲಿ ಹತ್ತಿರಹತ್ತಿರ 740 ಎಂಬಿ ವಿಡಿಯೋ ಹಿಡಿದು 74 ನಿಮಿಷ ಓಡುತ್ತದೆ. ಇದರ ಬೆಲೆಯೂ ಇದೆ: ಗೀರುಗಳನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ. ಎಂಪೆಗ್-ಎವಿ ಎಂಬ ಫೋಲ್ಡರಿನಲ್ಲಿ ಕಾಣುವ ಡಿಎಟಿ ಫೈಲನ್ನು ಮಾಮೂಲಿಯಂತೆ ನಕಲಿಸಲು ಹೋದರೆ ಲಿನಕ್ಸ್‌ನಲ್ಲಿ ಚೆನ್ನಾಗಿರುವ ಡಿಸ್ಕಿಗೂ ದೋಷ ಬರುತ್ತದೆ. ವಿಂಡೋಸ್‌ನಲ್ಲಿ ನಕಲು ಆಗುತ್ತದೆ, ಆದರೆ ಪ್ರತಿ ಸೆಕ್ಟರಿನ ತಲೆಬರಹವೂ ಸೇರಿದ ಒಂದು ಸುತ್ತುಗಟ್ಟಿದ ಫೈಲು ಕೈಗೆ ಬರುತ್ತದೆ. ನಾನು ಸಿಡಿಆರ್‌ಡಿಎಒ ಎಂಬ ತಂತ್ರಾಂಶ ಬಳಸಿ ಇಡೀ ಡಿಸ್ಕನ್ನು, ತಲೆಬರಹವೇ ಮೊದಲಾದವೂ ಸೇರಿದ 2352 ಬೈಟಿನ ಕಚ್ಚಾ ಸೆಕ್ಟರುಗಳಾಗಿ ಓದಿ ಮೂಲ ಪ್ರತಿಯಾಗಿಟ್ಟುಕೊಂಡೆ; ಅದರಿಂದ ವಿಸಿಡಿ ಇಮೇಜರ್ ಜೊತೆಗೆ ಬರುವ ವಿಸಿಡಿಎಕ್ಸ್‌ರಿಪ್ ಎಂಬ ಉಪಕರಣದ ಮೂಲಕ ಶುದ್ಧ ಎಂಪೆಗ್ ಫೈಲನ್ನು ತೆಗೆದೆ.

ಹಾಗೆ ತೆಗೆದ ಫೈಲನ್ನು ಮತ್ತೆ ಪರಿವರ್ತಿಸಲಿಲ್ಲ. ಈ ವಿಸಿಡಿಗಳ ಚಿತ್ರ 352 ಬಿಂದು ಅಡ್ಡ, 288 ಬಿಂದು ಉದ್ದದ್ದು. ವಿಡಿಯೋಗೆ ಸೆಕೆಂಡಿಗೆ 1150 ಕಿಲೋಬಿಟ್, ಧ್ವನಿಗೆ 224 ಕಿಲೋಬಿಟ್. ಮೊದಲೇ ಇಷ್ಟು ಹಿಂಡಿರುವ ಚಿತ್ರವನ್ನು ಇನ್ನೊಂದು ರೂಪಕ್ಕೆ ತಂದರೆ ಉಳಿಯುವ ಜಾಗ ಅತ್ಯಲ್ಪ, ಕಳೆದುಹೋಗುವ ವಿವರ ಮಾತ್ರ ಕಣ್ಣಿಗೆ ಕಾಣುವಷ್ಟು. ವಿಸಿಡಿಯ ವಿಡಿಯೋ ರೂಪವಾದ ಎಂಪೆಗ್-1 ಅನ್ನು ವಿಎಲ್‌ಸಿಯಂಥ ಪ್ಲೇಯರುಗಳು ಇಂದಿಗೂ ಸಲೀಸಾಗಿ ಓಡಿಸುತ್ತವೆ. ಒಂದೇ ಚಲನಚಿತ್ರ ಎರಡು-ಮೂರು ಡಿಸ್ಕುಗಳಲ್ಲಿ ಹಂಚಿಹೋಗಿರುವಾಗ ಅವನ್ನು ಸೇರಿಸಿ ಒಂದೇ ಫೈಲು ಮಾಡುವ ಆಸೆ ಸಹಜ. ನಾನು ಸೇರಿಸದೆ, ಭಾಗ ಒಂದು, ಭಾಗ ಎರಡು ಎಂದು ಹೆಸರಿಟ್ಟು ಪ್ಲೇಲಿಸ್ಟ್ ಮಾಡಿಟ್ಟಿದ್ದೇನೆ.

ಡಿವಿಡಿ ಇಮೇಜುಗಳಿಂದ ನೋಡುವ ಫೈಲು ತಯಾರಿಸುವಾಗ ಎರಡು ಪ್ರತಿ ಮಾಡಿದೆ. ಮೊದಲನೆಯದು ಎಂಪೆಗ್-2 ವಿಡಿಯೋವನ್ನೂ ಮೂಲ ಧ್ವನಿಯನ್ನೂ ಮುಟ್ಟದೆ ಎಂಕೆವಿ ಎಂಬ ಹೊದಿಕೆಗೆ ವರ್ಗಾಯಿಸಿದ್ದು. ಇದರಲ್ಲಿ ಗುಣಮಟ್ಟದ ನಷ್ಟ ಎಳ್ಳಷ್ಟೂ ಇಲ್ಲ. ವಿಒಬಿ ಫೈಲುಗಳು ತಲಾ 1 ಜಿಬಿ ಮೀರಬಾರದೆಂಬ ನಿಯಮವಿರುವುದರಿಂದ ಒಂದೇ ಚಿತ್ರ ಹಲವು ತುಂಡುಗಳಾಗಿರುತ್ತದೆ, ಮತ್ತು ಆ ತುಂಡುಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಸಾಕು ಎಂದು ಹಲವರು ಹೇಳುತ್ತಾರೆ. ಒಂದೇ ಓಟದ ಚಲನಚಿತ್ರಕ್ಕೆ ಈ ಮಾತು ಹೊಂದುತ್ತದೆ. ರೆಕಾರ್ಡರಿನಲ್ಲಿ ನಿಲ್ಲಿಸಿ ನಿಲ್ಲಿಸಿ ಬರೆದ ಡಿಸ್ಕಿನಲ್ಲಾದರೋ ಪ್ರತಿ ತುಣುಕಿಗೂ ಕಾಲದ ಎಣಿಕೆ ಸೊನ್ನೆಯಿಂದ ಮತ್ತೆ ಶುರುವಾಗುವುದರಿಂದ, ಸುಮ್ಮನೆ ಜೋಡಿಸಿದ ಫೈಲು ಎರಡು ಗಂಟೆಯದಿದ್ದರೂ ಹತ್ತು ನಿಮಿಷವೆಂದು ತೋರಿಸಬಹುದು, ಬೇಕಾದ ಜಾಗಕ್ಕೆ ಹಾರಲೂ ಬಿಡದಿರಬಹುದು. ವಿಡಿಯೋ ಪರಿವರ್ತಿಸುವ ತಂತ್ರಾಂಶವಾದ ಎಫ್‌ಎಫ್‌ಎಂಪೆಗ್‌ನ 7.0 ಆವೃತ್ತಿಯಿಂದ ಡಿವಿಡಿ ರಚನೆಯನ್ನೇ ಅರ್ಥಮಾಡಿಕೊಂಡು ಓದುವ ಸೌಲಭ್ಯ ಸೇರಿದೆ. ಅದಕ್ಕೆ ಇಮೇಜನ್ನೂ ಶೀರ್ಷಿಕೆಯ ಸಂಖ್ಯೆಯನ್ನೂ ಕೊಟ್ಟಾಗ ಈ ಎಣಿಕೆಗಳನ್ನೆಲ್ಲ ಅದು ಸರಿಹೊಂದಿಸಿ ಅಧ್ಯಾಯಗಳನ್ನೂ ಉಳಿಸಿಕೊಟ್ಟಿತು.

ಎರಡನೆಯದು ಫೋನಿನಲ್ಲಿಯೂ ಟಿವಿಯಲ್ಲಿಯೂ ಓಡುವ ಎಚ್.264 ಎಂಬ ವಿಡಿಯೋ ರೂಪದ ಚಿಕ್ಕ ಪ್ರತಿ, ಪರಿವರ್ತನೆಯ ತಂತ್ರಾಂಶವಾದ ಹ್ಯಾಂಡ್‌ಬ್ರೇಕ್‌ನಲ್ಲಿ ಮಾಡಿದ್ದು. ಗುಣಮಟ್ಟದ ಸೂಚ್ಯಂಕವನ್ನು 18ರಲ್ಲಿಟ್ಟೆ. ಈ ಸೂಚ್ಯಂಕ ಇಳಿದಷ್ಟೂ ಗುಣಮಟ್ಟ ಏರುತ್ತದೆ, ಡಿವಿಡಿ ಗಾತ್ರದ ಚಿತ್ರಕ್ಕೆ 18ರಿಂದ 22ರ ನಡುವೆ ಇಡುವುದು ವಾಡಿಕೆ. ಗಮನವಿಡಬೇಕಾದ ಸಂಗತಿಗಳು ಎರಡು. ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಯಲ್ಲಿ ಚಿತ್ರವನ್ನು 720 ಅಡ್ಡ, 576 ಉದ್ದಕ್ಕೆ ಸಂಗ್ರಹಿಸಿರುತ್ತಾರೆ, ಆದರೆ ಅದರ ಬಿಂದುಗಳು ಚೌಕವಲ್ಲ. ಅದು 4:3 ಚಿತ್ರವಾಗಿದ್ದರೆ 768 ಅಡ್ಡಕ್ಕೂ, 16:9 ಆಗಿದ್ದರೆ 1024 ಅಡ್ಡಕ್ಕೂ ಹಿಗ್ಗಿಸಿ ತೋರಿಸಬೇಕು. ಈ ಅನುಪಾತದ ಗುರುತು ಕಳಚಿಹೋದರೆ ಎಲ್ಲರ ಮುಖವೂ ಉದ್ದವಾಗಿ ಕಾಣುತ್ತದೆ. ಇನ್ನೊಂದು ಸಂಗತಿ ಇಂಟರ್‌ಲೇಸ್. ಕ್ಯಾಮೆರಾದಲ್ಲಿ ಹಿಡಿದ ವಿಡಿಯೋ ಸೆಕೆಂಡಿಗೆ 50 ಅರೆಚಿತ್ರಗಳಾಗಿ ಇರುತ್ತದೆ, ಕಂಪ್ಯೂಟರಿನ ಪರದೆಯಲ್ಲಿ ಚಲಿಸುವ ವಸ್ತುವಿನ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುವುದು ಇದರಿಂದಲೇ. ಇದನ್ನು ನಿವಾರಿಸುವಾಗ ಸೆಕೆಂಡಿಗೆ 25 ಚೌಕಟ್ಟಿಗೆ ಇಳಿಸದೆ 50ಕ್ಕೇ ಬಿಡಿಸಿದರೆ ಮೂಲದ ಚಲನೆಯ ನಯ ಉಳಿಯುತ್ತದೆ. ಮಕ್ಕಳ ಓಟ, ಕುಣಿತಗಳ ದೃಶ್ಯಗಳಲ್ಲಿ ಈ ವ್ಯತ್ಯಾಸ ಎದ್ದುಕಾಣುತ್ತದೆ. ಫಿಲ್ಮಿನಿಂದ ಬಂದ ಚಲನಚಿತ್ರಕ್ಕೆ ಸಾಮಾನ್ಯವಾಗಿ ಇದರ ಅಗತ್ಯವಿಲ್ಲ, ಅಲ್ಲಿ ಈ ನಿವಾರಣೆಯನ್ನು ಸುಮ್ಮನೆ ಮಾಡಿದರೆ ಚಿತ್ರ ಮಸುಕಾದೀತು. ಆದ್ದರಿಂದ ಎಲ್ಲ ಡಿಸ್ಕುಗಳಿಗೂ ಒಂದೇ ಹೊಂದಿಕೆಯನ್ನು ಬಳಸದೆ, ಪ್ರತಿಯೊಂದರಿಂದಲೂ ಚಲನೆ ಹೆಚ್ಚಿರುವ ಒಂದು ನಿಮಿಷವನ್ನು ಮೊದಲು ಪರಿವರ್ತಿಸಿ ನೋಡಿ, ಆಮೇಲೆ ಪೂರ್ತಿಗೆ ಕೈಹಾಕಿದೆ.

ಧ್ವನಿಯನ್ನು ಎರಡೂ ಪ್ರತಿಗಳಲ್ಲಿ ಇದ್ದಂತೆಯೇ ಬಿಟ್ಟೆ. ಡಿವಿಡಿಯ ಅಡಿಬರಹಗಳು ಅಕ್ಷರಗಳಲ್ಲ, ಪುಟ್ಟ ಚಿತ್ರಗಳು; ಎಂಕೆವಿಯಲ್ಲಿ ಅವು ಹಾಗೆಯೇ ಉಳಿಯುತ್ತವೆ.

ಪರಿಶೀಲನೆಗೆ ಪ್ರತಿ ಇಮೇಜಿನ ಎಸ್‌ಎಚ್‌ಎ-256 ಮೊತ್ತವನ್ನು ಲೆಕ್ಕ ಹಾಕಿ ಪಕ್ಕದಲ್ಲಿ ಒಂದು ಪಠ್ಯದ ಫೈಲಿನಲ್ಲಿ ಬರೆದಿಟ್ಟೆ. ಇಮೇಜಿನ ಒಂದೇ ಒಂದು ಬಿಟ್ ಬದಲಾದರೂ ಈ ಮೊತ್ತ ಸಂಪೂರ್ಣ ಬೇರೆಯಾಗುತ್ತದೆ, ಆದ್ದರಿಂದ ವರ್ಷಗಳ ಬಳಿಕವೂ ಪ್ರತಿ ಕೆಟ್ಟಿದೆಯೇ ಇಲ್ಲವೇ ಎಂದು ನಿಸ್ಸಂದೇಹವಾಗಿ ತಿಳಿಯಬಹುದು. ಕೆಡದಂತೆ ತಡೆಯುವುದು ಇದರಿಂದ ಆಗುವುದಿಲ್ಲ. ಅದಕ್ಕಾಗಿ ಪಿಎಆರ್2 ಎಂಬ ಉಪಕರಣದಿಂದ ಇಮೇಜಿನ ಶೇಕಡಾ 10ರಷ್ಟು ಗಾತ್ರದ ದುರಸ್ತಿ ಫೈಲುಗಳನ್ನು ಮಾಡಿ ಜೊತೆಗಿಟ್ಟಿದ್ದೇನೆ, ಅಷ್ಟರಮಟ್ಟಿನ ಹಾನಿಯನ್ನು ಅವುಗಳ ಸಹಾಯದಿಂದ ಸರಿಪಡಿಸಬಹುದು. ಪ್ರತಿ ಡಿಸ್ಕಿಗೂ ಒಂದು ಫೋಲ್ಡರು. ಅದರಲ್ಲಿ ಇಮೇಜು, ಮ್ಯಾಪ್ ಫೈಲು, ಮೊತ್ತ, ದುರಸ್ತಿ ಫೈಲುಗಳು, ಡಿಸ್ಕಿನ ಎರಡೂ ಬದಿಗಳ ಮತ್ತು ಹೊದಿಕೆಯ ಛಾಯಾಚಿತ್ರಗಳು, ಯಾವ ಡ್ರೈವಿನಲ್ಲಿ ಓದಿದ್ದು, ಏನು ಸಿಗಲಿಲ್ಲ ಎಂಬ ಟಿಪ್ಪಣಿ. ಹೊದಿಕೆಯ ಮೇಲೆ ಕೈಬರಹದಲ್ಲಿ ಬರೆದ ದಿನಾಂಕ, ಹೆಸರುಗಳು ಡಿಸ್ಕಿನೊಳಗೆ ಎಲ್ಲಿಯೂ ಇರುವುದಿಲ್ಲ, ಆದ್ದರಿಂದ ಆ ಛಾಯಾಚಿತ್ರಗಳನ್ನು ವಿಡಿಯೋದಷ್ಟೇ ಮುಖ್ಯವೆಂದು ಪರಿಗಣಿಸಿದೆ. ಫೋಲ್ಡರಿನ ಹೆಸರನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಆರಂಭಿಸಿದರೆ ಪಟ್ಟಿ ತಾನಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತದೆ.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯ ಹೊರಗೆ ಎಂಬ ಪ್ರಚಲಿತ ಸೂತ್ರವನ್ನು ಇಲ್ಲಿ ಪಾಲಿಸಿದ್ದೇನೆ: ಒಂದು ಹಾರ್ಡ್ ಡಿಸ್ಕ್ ಕಂಪ್ಯೂಟರಿನಲ್ಲಿ, ಇನ್ನೊಂದು ಹಾರ್ಡ್ ಡಿಸ್ಕ್ ಬೇರೆ ಮನೆಯಲ್ಲಿ, ಮೂಲ ಡಿಸ್ಕುಗಳು ತಮ್ಮ ಪೆಟ್ಟಿಗೆಯಲ್ಲಿ. ಪ್ರತಿ ಆಯಿತೆಂದು ಮೂಲ ಡಿಸ್ಕನ್ನು ಎಸೆಯುವುದು ನನಗೆ ಒಪ್ಪಿಗೆಯಿಲ್ಲ, ಮುಖ್ಯವಾಗಿ ಮ್ಯಾಪ್‌ನಲ್ಲಿ ಕಳೆಯುವ ಗುರುತು ಇನ್ನೂ ಉಳಿದಿರುವ ಡಿಸ್ಕುಗಳನ್ನು. ಅಂಥವನ್ನು ಒಂದು ಪ್ರತ್ಯೇಕ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ, ಬೆಳಕು ಬೀಳದ ತಂಪಾದ ಜಾಗದಲ್ಲಿ ಇಟ್ಟಿದ್ದೇನೆ. ಮೂರನೆಯ ತಯಾರಿಕೆಯ ಒಂದು ಡ್ರೈವು ಕೈಗೆ ಬಂದಾಗ ಅದೇ ಇಮೇಜು, ಅದೇ ಮ್ಯಾಪ್ ಫೈಲನ್ನು ಕೊಟ್ಟು, ಉಳಿದಿರುವ ಆ ಕಂತೆಗಳನ್ನಷ್ಟೇ ಮತ್ತೆ ಓದಿಸಬೇಕಾಗಿದೆ.